ಅಳಿಸಿದ ದಾಖಲೆ ಮರಳಿ ಬರುವ ಬಗೆ



ಸಾನಪಾಡಾದಲ್ಲಿ ನೆಲೆಸಿರುವ ಅನೇಕ ಕನ್ನಡ ಮನೆತನಗಳ ಹೊಲಗಳು ಇಂದಿಗೂ ಕರ್ನಾಟಕದ ಹಳ್ಳಿಗಳಲ್ಲಿವೆ. ಆ ಹೊಲ ನಮ್ಮದೆನ್ನಲು ಪಹಣಿಯೇ ಮುಖ್ಯ ಆಧಾರ. ಒಂದು ಕಾಲಕ್ಕೆ ಕುಲಕರ್ಣಿ, ಶಾನುಭೋಗರ ಕೈಬರಹದಲ್ಲಿದ್ದ ಈ ಲೆಕ್ಕವು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರವನ್ನು ಸೇರಿತು. ಹೀಗೆ ಸೇರಿದ ಪಹಣಿಗಳು ಸುಮಾರು 2 ಕೋಟಿ. ಅವುಗಳಲ್ಲಿ ಒಂದು ಅಳಿಸಿಹೋದರೆ ಒಂದು ಕುಟುಂಬದ ಅನ್ನಕ್ಕೇ ಸಂಚಕಾರವಲ್ಲವೆ?

ಗಣಕದಲ್ಲಿ ಇಂಥ ದಾಖಲೆಗಳನ್ನು ಕೋಷ್ಟಕಗಳಲ್ಲಿ ಇಡುವರು. ಈ ಪದ್ಧತಿಯ ತತ್ತ್ವವನ್ನು 1970ರಲ್ಲಿ ಎಡ್ಗರ್ ಕಾಡ್ ಎಂಬ ವಿದ್ವಾಂಸನು ನಿರೂಪಿಸಿದನು. ಕೋಷ್ಟಕದ ಒಂದೊಂದು ಸಾಲೂ ಒಂದೊಂದು ದಾಖಲೆ. ‘ಅಳಿಸು’ ಎಂದು ಆಜ್ಞಾಪಿಸುವಾಗ ಯಾವ ಸಾಲೆಂಬುದನ್ನು ಹೇಳಲು ಮರೆತರೆ ಕೋಷ್ಟಕವೆಲ್ಲವೂ ಬರಿದಾಗುವುದು.

ಹಿಂದೆ ನಮ್ಮ ವರ್ತಕರು ಕಡತವೆಂಬ ಕಪ್ಪು ಬಟ್ಟೆಯ ಪುಸ್ತಕದಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅಲ್ಲಿ ಒರೆಸಿದ್ದು ಹೋಯಿತೆಂದೇ ಅರ್ಥ. ಗಣಕದಲ್ಲಿ ಹಾಗಲ್ಲ. ಮೊದಲನೆಯದಾಗಿ, ವ್ಯವಹಾರವನ್ನು ‘ಕಮಿಟ್’ ಎಂದು ಸ್ಥಿರಪಡಿಸುವ ಮುನ್ನವೇ ತಪ್ಪು ತಿಳಿದರೆ ‘ರೋಲ್‌ಬ್ಯಾಕ್’ ಎಂಬ ಒಂದೇ ಆಜ್ಞೆಯಿಂದ ಎಲ್ಲವೂ ಮೊದಲಿನಂತಾಗುವುದು. ಎರಡನೆಯದಾಗಿ, ಸ್ಥಿರಪಡಿಸಿದ ಮೇಲೂ ಪೋಸ್ಟ್‌ಗ್ರೆಸ್‌ನಂಥ ವ್ಯವಸ್ಥೆಗಳು ಸಾಲನ್ನು ಕೂಡಲೆ ನಾಶಮಾಡದೆ ‘ಸತ್ತಿದೆ’ ಎಂದು ಗುರುತುಹಾಕಿ, ಆ ಜಾಗವನ್ನು ಮುಂದೆ ಬೇರೆ ಬರಹಕ್ಕೆ ಬಳಸುವುವು. ಆದುದರಿಂದ ತಪ್ಪಾದೊಡನೆ ಹೊಸ ಬರಹವನ್ನು ನಿಲ್ಲಿಸುವುದೇ ವಿವೇಕ. ಮೂರನೆಯ ಹಾಗೂ ದೃಢವಾದ ಮಾರ್ಗವೆಂದರೆ ಬ್ಯಾಕಪ್ ಪ್ರತಿ ಮತ್ತು ಲಾಗ್. ಪ್ರತಿಯೊಂದು ಬದಲಾವಣೆಯನ್ನೂ ಕ್ರಮವಾಗಿ ಬರೆದಿಡುವ ದಿನಚರಿಯೇ ಲಾಗ್. ರಾತ್ರಿ 2 ಗಂಟೆಗೆ ಪ್ರತಿ ತೆಗೆದಿದ್ದು, ಬೆಳಿಗ್ಗೆ 11-10ಕ್ಕೆ ಸಾಲುಗಳು ಅಳಿದವೆನ್ನೋಣ. ಆ ಪ್ರತಿಯನ್ನು ಬೇರೊಂದು ಗಣಕದಲ್ಲಿ ತೆರೆದು, ಲಾಗಿನಲ್ಲಿರುವ ಬದಲಾವಣೆಗಳನ್ನು 11-09ರವರೆಗೆ ಅದರಲ್ಲಿ ಮತ್ತೆ ನಡೆಸಿ, ಕಳೆದ ಸಾಲುಗಳನ್ನು ಮಾತ್ರ ಮೂಲ ಕೋಷ್ಟಕಕ್ಕೆ ತರುವರು.

ಆದರೆ ಪ್ರತಿ ಇದೆಯೆಂಬ ನಂಬಿಕೆಯೊಂದೇ ಸಾಲದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ನೌಕರನೊಬ್ಬನು ಮುಖ್ಯ ದತ್ತಾಂಶವನ್ನೇ ಕೈತಪ್ಪಿ ಅಳಿಸಿದನು. ನಿತ್ಯವೂ ಪ್ರತಿ ತೆಗೆಯುವ ಕೆಲಸ ಬಹುದಿನಗಳಿಂದ ವಿಫಲವಾಗುತ್ತಿದ್ದುದು ಆಗ ಬೆಳಕಿಗೆ ಬಂದಿತು! ಅನ್ಯ ಕಾರಣಕ್ಕಾಗಿ ಸುಮಾರು ಆರು ಗಂಟೆಗಳ ಹಿಂದೆ ತೆಗೆದಿದ್ದ ಪ್ರತಿಯೊಂದು ಉಳಿದಿದ್ದುದರಿಂದ ಸಂಸ್ಥೆ ಚೇತರಿಸಿಕೊಂಡಿತು. ನಡುವಣ ಆರು ಗಂಟೆಗಳ ಬರಹ ಮಾತ್ರ ಮರಳಲಿಲ್ಲ.

ಮುಂದೆ ನಿಮ್ಮಲ್ಲಿ ಕೆಲವರು ಇಂಥ ದಾಖಲೆಗಳ ಪಾಲಕರಾಗುವಿರಿ. ಆಗ ಪ್ರತಿ ತೆಗೆಯಿರಿ. ತೆಗೆದ ಪ್ರತಿಯನ್ನು ತೆರೆದು ಪರೀಕ್ಷಿಸಿರಿ. ಒಂದೊಂದು ಸಾಲಿನ ಹಿಂದೆಯೂ ಒಂದು ಮನೆಯಿದೆಯೆಂಬುದನ್ನು ಮರೆಯದಿರಿ.