ಮುಕ್ತ ಯಂತ್ರಾಂಶ: ವಿನ್ಯಾಸವನ್ನು ಹಂಚಿ ವ್ಯಾಪಾರ ಮಾಡುವ ಬಗೆ

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಸಂಗತಿ ಕನ್ನಡ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಪ್ರತಿಗಳು ಹೆಚ್ಚಿದಷ್ಟೂ ಕೃತಿಯ ಆಯುಷ್ಯ ಹೆಚ್ಚುತ್ತದೆ. ಇದೇ ವಿವೇಕವನ್ನು ಯಂತ್ರಗಳಿಗೆ ಅನ್ವಯಿಸಿದಾಗ ಮುಕ್ತ ಯಂತ್ರಾಂಶದ ಕಲ್ಪನೆ ಮೂಡುತ್ತದೆ. ಯಂತ್ರದ ನಕ್ಷೆ, ಬಿಡಿಭಾಗಗಳ ಪಟ್ಟಿ, ಜೋಡಣೆಯ ಕ್ರಮ ಎಲ್ಲವನ್ನೂ ಪ್ರಕಟಿಸಿ, ಅದನ್ನು ತಯಾರಿಸಲು, ತಿದ್ದಲು, ಮಾರಲು ಎಲ್ಲರಿಗೂ ಅನುಮತಿ ನೀಡುವುದು ಇದರ ಲಕ್ಷಣ.

ಗುಟ್ಟನ್ನೇ ಬಿಟ್ಟುಕೊಟ್ಟ ತಯಾರಕನಿಗೆ ಲಾಭವೆಲ್ಲಿಂದ? ಸಿದ್ಧ ಉಡುಪುಗಳ ಹೊಲಿಗೆ ನಡೆಯುವ ರಾಯದುರ್ಗದಂತಹ ಊರಿನಲ್ಲಿ ಇದಕ್ಕೆ ಉತ್ತರವಿದೆ. ಪ್ಯಾಂಟಿನ ಅಳತೆ, ಬಟ್ಟೆ ಕತ್ತರಿಸುವ ಕ್ರಮ ಯಾರಿಗೂ ರಹಸ್ಯವಲ್ಲ. ಹೊಲಿಗೆಯ ಗಟ್ಟಿತನ, ಹೇಳಿದ ದಿನಕ್ಕೆ ಕೊಡುವ ನಿಷ್ಠೆ, ಗಳಿಸಿದ ಹೆಸರು ಇವು ಗಿರಾಕಿಯನ್ನು ಕರೆತರುತ್ತವೆ. 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ಹುಟ್ಟಿದ ಆರ್ಡುಯಿನೊ ಫಲಕದ್ದೂ ಇದೇ ಮಾರ್ಗ: ವಿನ್ಯಾಸ ಎಲ್ಲರದು, ಹೆಸರು ಮಾತ್ರ ಕಾದಿಟ್ಟದ್ದು. ಅನುಕರಣೆಗಳು ಹೆಚ್ಚಿದಂತೆ ಕಲಿಯುವವರೂ ಬಿಡಿಸಾಧನಗಳೂ ಹೆಚ್ಚಿ, ಮೂಲ ತಯಾರಕರ ಕೀರ್ತಿಯೂ ಬೆಳೆಯಿತು.

ಕನ್ನಡನಾಡಿನಲ್ಲಿ ಇದಕ್ಕೂ ಮೊದಲೇ ಒಂದು ಪ್ರಯೋಗ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಹಾಗೂ ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯವರು ಸೇರಿ, ಸಿಂಪ್ಯೂಟರ್ ಟ್ರಸ್ಟ್ ಮೂಲಕ ಜನಸಾಮಾನ್ಯರಿಗಾಗಿ ಅಂಗೈಯಗಲದ ಗಣಕವೊಂದನ್ನು ರೂಪಿಸಿದರು. 2001ರಲ್ಲಿ ಅದರ ಮಾದರಿ ಪ್ರಕಟವಾಯಿತು. ಓದಲು ಬಾರದವರಿಗೂ ನೆರವಾಗುವಂತೆ ಭಾರತೀಯ ಭಾಷೆಗಳಲ್ಲಿ ಪಠ್ಯವನ್ನು ಧ್ವನಿಯಾಗಿಸುವುದು ಅದರ ಗುರಿಗಳಲ್ಲೊಂದು. ತಯಾರಕರು ಪರವಾನಗಿ ಶುಲ್ಕ ತೆರಬೇಕಿತ್ತು. ವಿನ್ಯಾಸದಲ್ಲಿ ಮಾಡಿದ ಸುಧಾರಣೆಗಳನ್ನು ಕೆಲಕಾಲ ತಮ್ಮಲ್ಲಿಟ್ಟುಕೊಂಡು ಬಳಿಕ ಟ್ರಸ್ಟಿಗೆ ಮರಳಿಸಬೇಕಿತ್ತು. ಹೀಗಾಗಿ ಇದು ಪೂರ್ಣ ಮುಕ್ತವಲ್ಲ. ಮುಕ್ತತೆಗೂ ಲಾಭಕ್ಕೂ ನಡುವಿನ ಒಪ್ಪಂದ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿತು. ಆದರೆ ಅದರ ಬೆಲೆ ಸುಮಾರು 10,000 ರೂಪಾಯಿಗಳಿಂದ ಆರಂಭವಾಗುತ್ತಿತ್ತು. ಅಷ್ಟರಲ್ಲಿ ಮೊಬೈಲು ಅಗ್ಗವಾಗತೊಡಗಿತ್ತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ವಿನ್ಯಾಸ ತೆರೆದಿದ್ದ ಮಾತ್ರಕ್ಕೆ ಕೊಳ್ಳುವವರು ದೊರೆಯರೆಂಬುದು ಇದರ ಪಾಠ.

ಆದರೂ ಆ ಕಲ್ಪನೆಯ ಮಹತ್ವ ಗಡಿನಾಡಿನಲ್ಲಿ ಹೆಚ್ಚು. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗದಲ್ಲಿಯೂ ಹಳೆಯ ಅನಂತಪುರ ಜಿಲ್ಲೆಯ ಮಡಕಶಿರದಲ್ಲಿಯೂ ಕನ್ನಡ ಮನೆಮಾತಾದವರಿದ್ದಾರೆ. ಕಚೇರಿಯ ಭಾಷೆ ತೆಲುಗು. ಇಂತಹ ಊರಿಗಾಗಿ ತಯಾರಾಗುವ ಹವಾಮಾನ ಸೂಚಕವೋ ಪಂಪಿನ ನಿಯಂತ್ರಕವೋ ಮುಚ್ಚಿದ ವಿನ್ಯಾಸದ್ದಾದರೆ, ಅದು ಕನ್ನಡದಲ್ಲಿ ನುಡಿಯಬೇಕೆ ಎಂಬುದನ್ನು ದೂರದ ತಯಾರಕನ ಲೆಕ್ಕಾಚಾರವೇ ನಿರ್ಧರಿಸುತ್ತದೆ. ಕೆಲವೇ ಗ್ರಾಹಕರಿಗಾಗಿ ಆತ ಖರ್ಚು ಮಾಡಲಾರ. ವಿನ್ಯಾಸ ಮುಕ್ತವಾಗಿದ್ದರೆ, ಸ್ಥಳೀಯ ಕಿರುತಯಾರಕನೊಬ್ಬ ಅಪ್ಪಣೆಗೆ ಕಾಯದೆ ಕನ್ನಡವನ್ನು ಸೇರಿಸಿ, ಆ ಸಣ್ಣ ಮಾರುಕಟ್ಟೆಯನ್ನೇ ತನ್ನ ಜೀವನಾಧಾರವಾಗಿಸಿಕೊಳ್ಳಬಲ್ಲ. ಅಲ್ಲಿ ಬೇಕಾಗುವ ಶುದ್ಧ, ಸುಬೋಧ ಕನ್ನಡವನ್ನು ಒದಗಿಸುವ ಕೆಲಸ ಭಾಷೆಯನ್ನು ಅಭ್ಯಸಿಸಿದವರದು.