ಇಂಜಿನು ನಿಂತ ಮೇಲೆ

ಆಕಾಶದಲ್ಲಿ ಇಂಜಿನು ನಿಂತರೆ ವಿಮಾನವು ಕಲ್ಲಿನಂತೆ ಬೀಳುತ್ತದೆಂದು ನಮ್ಮಲ್ಲಿ ಅನೇಕರ ತಿಳಿವಳಿಕೆ. ನಾನೂ ಬಹಳ ದಿನ ಹಾಗೆಯೇ ತಿಳಿದಿದ್ದೆ. ನಿಜವಾಗಿ ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ. ರೆಕ್ಕೆಗೆ ಬೇಕಾದುದು ವೇಗ. ಇಂಜಿನು ನಿಂತಾಗ ಮೂತಿಯನ್ನು ತುಸು ತಗ್ಗಿಸಿದರೆ, ಇಳಿಜಾರಿನಲ್ಲಿ ಪೆಡಲು ತುಳಿಯದೆ ಓಡುವ ಸೈಕಲ್ಲಿನಂತೆ, ವಿಮಾನವು ಎತ್ತರವನ್ನು ತೆತ್ತು ವೇಗವನ್ನು ಕೊಳ್ಳುತ್ತದೆ. ಎರಡು ಆಸನದ ಹಗುರ ವಿಮಾನವು ಒಂದು ಮೀಟರು ಇಳಿಯುವಷ್ಟರಲ್ಲಿ ಸಾಮಾನ್ಯವಾಗಿ ಎಂಟೊಂಬತ್ತು ಮೀಟರು ಮುಂದೆ ಸಾಗುತ್ತದೆ. ಹಾವೇರಿಯ ಮೇಲೆ 1000 ಮೀಟರು ಎತ್ತರದಲ್ಲಿ ಇಂಜಿನು ಕೈಕೊಟ್ಟಿತೆನ್ನಿ. ಬ್ಯಾಡಗಿಯು ನೇರ ದಾರಿಯಲ್ಲಿ ಸುಮಾರು 16 ಕಿ.ಮೀ. ಅಲ್ಲಿಯವರೆಗೆ ಮುಟ್ಟಲಾಗದು, ಅರ್ಧ ದಾರಿಯನ್ನಂತೂ ಕ್ರಮಿಸಬಹುದು. ಕೈಯಲ್ಲಿ ನಾಲ್ಕೈದು ನಿಮಿಷಗಳಿರುತ್ತವೆ.

ಹಾಗಾದರೆ ಜನ ಸಾಯುವುದೇಕೆ? ಮನೆಯಲ್ಲಿಯೇ ಕಟ್ಟಿದ ಒಂದು ವಿಮಾನದ ಕಥೆ ಇದಕ್ಕೆ ಉತ್ತರ ಹೇಳುತ್ತದೆ. ಅಮೇರಿಕೆಯ ಬರ್ಟ್ ರುಟಾನ್ ಎಂಬವರು ಹವ್ಯಾಸಿಗಳಿಗಾಗಿ ರಚಿಸಿದ 'ಲಾಂಗ್-ಈಜೀ' ಎಂಬ ವಿನ್ಯಾಸ ಪ್ರಸಿದ್ಧವಾದುದು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರೂ 1980ರ ದಶಕದಲ್ಲಿ ಅದನ್ನೇ ಆಧರಿಸಿ ಒಂದು ವಿಮಾನವನ್ನು ಕಟ್ಟಿ ಹಾರಿಸಿದರು. ಈ ಬಗೆಯ, ಹವ್ಯಾಸಿಯೊಬ್ಬರು ಕಟ್ಟಿದ ವಿಮಾನವನ್ನು ಗಾಯಕ ಜಾನ್ ಡೆನ್ವರ್ ಕೊಂಡಿದ್ದರು. ಪೆಟ್ರೋಲನ್ನು ಒಂದು ಟಾಕಿಯಿಂದ ಮತ್ತೊಂದಕ್ಕೆ ಬದಲಿಸುವ ತಿರುಪು ಮೂಲ ನಕ್ಷೆಯಂತೆ ಚಾಲಕನ ಮುಂದೆ ಇರಬೇಕಾದುದು. ಕಟ್ಟಿದವರು ಅದನ್ನು ಚಾಲಕನ ಎಡ ಭುಜದ ಹಿಂದೆ ಇಟ್ಟಿದ್ದರು. 1997ರ ಅಕ್ಟೋಬರ್ 12ರಂದು ಡೆನ್ವರ್ ಪೆಟ್ರೋಲು ತುಂಬಿಸಿಕೊಳ್ಳದೆಯೇ ಹೊರಟರು. ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯ ಮೇಲೆ, ತೀರ ಕೆಳಗೆ ಹಾರುತ್ತಿರುವಾಗ, ವಿಮಾನವು ಹಿಡಿತ ತಪ್ಪಿ ಸಮುದ್ರಕ್ಕೆ ಬಿದ್ದಿತು. ತಿರುಪಿಗಾಗಿ ಹಿಂದಕ್ಕೆ ಹೊರಳಿದಾಗ ಕಾಲು ಚುಕ್ಕಾಣಿಯ ಪೆಡಲನ್ನು ಒತ್ತಿರಬೇಕೆಂದು ತನಿಖೆಯವರು ತೀರ್ಮಾನಿಸಿದರು. ಪೆಟ್ರೋಲಿನ ಕೊರತೆ ಅಪಾಯವನ್ನು ತಂದಿತು. ಕೊಂದದ್ದು ಮಾತ್ರ ಗಮನ ತಪ್ಪಿದ ಆ ಕ್ಷಣ. ಒಂದು ತಿರುಪನ್ನು ಎಲ್ಲಿ ಕೂಡಿಸಬೇಕೆಂಬುದು ಎಷ್ಟು ಚಿಕ್ಕ ಮಾತು ನೋಡಿ!

ಮತ್ತೊಂದು ಮೋಸವು ಹಿಂದಿರುಗುವ ಆಸೆ. ನೆಲ ಬಿಟ್ಟ ಕೂಡಲೇ ಇಂಜಿನು ನಿಂತರೆ, ಬೆನ್ನ ಹಿಂದಿನ ಓಡುದಾರಿಯು ಚಾಲಕನನ್ನು ಕರೆಯುತ್ತದೆ. ಆದರೆ ವಿಮಾನವನ್ನು 45 ಅಂಶ ವಾಲಿಸಿ ತಿರುಗಿಸಿದರೆ, ತೇಲಲು ಬೇಕಾದ ಕನಿಷ್ಠ ವೇಗವು ನೂರಕ್ಕೆ 19ರಷ್ಟು ಏರುತ್ತದೆ. ಗಂಟೆಗೆ 70 ಕಿ.ಮೀ. ಸಾಕಾಗಿದ್ದಲ್ಲಿ 83 ಬೇಕು. ಅಷ್ಟು ವೇಗವಿಲ್ಲದಿದ್ದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಹರಿದುಹೋಗಿ ವಿಮಾನವು ಒಂದು ಮಗ್ಗುಲಿಗೆ ಮಗುಚುತ್ತದೆ. ಆದ್ದರಿಂದಲೇ ಎತ್ತರ ಸಾಲದಾಗ ಎದುರಿಗೆ ಸಿಕ್ಕ ಹೊಲದಲ್ಲಿಯೇ ಇಳಿ ಎಂದು ಕಲಿಸುತ್ತಾರೆ. ಎತ್ತರವಿದ್ದರೆ ಮೊದಲು ವೇಗ, ಆಮೇಲೆ ಹೊಲ, ಅದರ ನಂತರವೇ ಟಾಕಿ ಬದಲಿಸಿ, ಕಾರ್ಬುರೇಟರಿಗೆ ಬಿಸಿಗಾಳಿ ಕೊಟ್ಟು ನೋಡುವುದು.

ಹೊಲವೆಂದರೆ ಯಾವ ಹೊಲ? ಇದನ್ನು ನಮ್ಮ ರೈತರಷ್ಟು ಚೆನ್ನಾಗಿ ಯಾವ ವೈಮಾನಿಕನೂ ಹೇಳಲಾರನೆಂದು ನನಗೆ ತೋರುತ್ತದೆ. ಮಳೆಗಾಲದ ಎರೆ ಹೊಲದಲ್ಲಿ ಗಾಲಿ ಹೂತು ವಿಮಾನವು ಬೋರಲಾಗುತ್ತದೆ. ಗೋವಿನಜೋಳ ಕೊಯ್ದು ಒಣಗಿದ ಹೊಲ ಒಳ್ಳೆಯದು. ಆದರೆ ಸಾಲಿನ ಗುಂಟ ಇಳಿಯಬೇಕು, ಒಡ್ಡಿಗೆ ಅಡ್ಡವಾಗಿ ಅಲ್ಲ. ರಾಣೇಬೆನ್ನೂರಿನ ಕೃಷ್ಣಮೃಗದ ಅಭಯಾರಣ್ಯವು ಮೇಲಿನಿಂದ ಬಯಲಿನಂತೆ ಕಂಡೀತು, ನೀಲಗಿರಿಯ ನೆಡುತೋಪುಗಳು ಅಲ್ಲಿ ಬಹಳ. ಬ್ಯಾಡಗಿಯ ಸುತ್ತ ಮೆಣಸಿನಕಾಯಿ ಒಣಹಾಕಿದ ಕಣಗಳು ಸಮತಟ್ಟಾಗಿವೆ, ಆದರೆ ಅಲ್ಲಿ ಆಳುಕಾಳುಗಳಿರುತ್ತಾರೆ. ಹೆದ್ದಾರಿಯಲ್ಲಿ ಲಾರಿಗಳು. ವಿದ್ಯುತ್ತಿನ ತಂತಿಯಂತೂ ಮೇಲಿನಿಂದ ಕಾಣುವುದೇ ಇಲ್ಲ. ಕಂಬಗಳನ್ನು ಹುಡುಕಿ ತಂತಿಯನ್ನು ಊಹಿಸಬೇಕು.

ಗಾಳಿಗೆ ಎದುರಾಗಿ ಇಳಿಯುವುದು ಮುಖ್ಯ. ವಿಮಾನದ ವೇಗ 70, ಗಾಳಿಯದು 20 ಎಂದಿಟ್ಟುಕೊಳ್ಳಿ. ಎದುರುಗಾಳಿಯಲ್ಲಿ ನೆಲಕ್ಕೆ ತಾಗುವ ವೇಗ 50, ಬೆನ್ನುಗಾಳಿಯಲ್ಲಿ 90. ಹೊಡೆತದ ಶಕ್ತಿಯು ವೇಗದ ವರ್ಗದಂತೆ ಬೆಳೆಯುವುದರಿಂದ, ಎರಡನೆಯದು ಮೊದಲಿನದರ ಮೂರು ಪಟ್ಟಿಗೂ ಮಿಕ್ಕಿತು. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ವಿಮಾನವು ಹತ್ತು ಮೀಟರು ಉಜ್ಜಿಕೊಂಡು ನಿಂತರೆ ಮೈಮೇಲೆ ಬೀಳುವ ಭಾರ ನಮ್ಮ ತೂಕದ ಎರಡೂವರೆ ಪಟ್ಟು. ಅರ್ಧ ಮೀಟರಿನಲ್ಲಿ ನಿಂತರೆ ಐವತ್ತು ಪಟ್ಟು. ರೆಕ್ಕೆ, ಗಾಲಿ ಮುರಿದರೆ ಮುರಿಯಲಿ, ಆ ಹತ್ತು ಮೀಟರು ದೊರೆಯಬೇಕು.

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಎದ್ದ ತರಬೇತಿ ವಿಮಾನವೊಂದು ದೋಷ ಕಂಡುಬಂದು ಹೊನ್ನಿಹಾಳದ ಬಳಿ ಹೊಲದಲ್ಲಿ ಇಳಿಯಿತು. ಅದು ಕಾರ್ಖಾನೆಯ ವಿಮಾನ, ಹವ್ಯಾಸಿ ಕಟ್ಟಿದ್ದಲ್ಲ. ಅದರಲ್ಲಿದ್ದ ಇಬ್ಬರೂ ಬದುಕಿ ಉಳಿದರು.