ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಗಾಳಿಕೋವಿ

ಇಂಗ್ಲೆಂಡಿನ ಉತ್ತರಭಾಗದ ಯಾರ್ಕ್‌ಷೈರ್ ಡೇಲ್ಸ್ ಪ್ರದೇಶದಲ್ಲಿ, ಸುಣ್ಣಕಲ್ಲಿನ ಕಡಿದಾದ ಅಂಚುಗಳೂ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳೂ ಕುರಿಗಳ ಹುಲ್ಲುಗಾವಲನ್ನು ವಿಭಾಗಿಸಿರುವ ಇಳಿಜಾರುಗಳಲ್ಲಿ, ಮೊಲದ ಬೇಟೆಯು ವಿನೋದವಾಗಿರುವಷ್ಟೇ ಕೃಷಿಕಾರ್ಯದ ಅಂಗವೂ ಆಗಿದೆ. ನಾರ್ಮನ್ನರ ಕಾಲದಲ್ಲಿ ಆ ದ್ವೀಪಕ್ಕೆ ಬಂದ ಈ ಪ್ರಾಣಿ ಪೈರು ಹುಲ್ಲುಗಳನ್ನು ಮೇಯುವುದಲ್ಲದೆ ನೆಲವನ್ನೂ ಬಿಲಗಳಿಂದ ಸಡಿಲಗೊಳಿಸುತ್ತದೆ.

ಆ ಕಾರ್ಯಕ್ಕೆ ಬಳಸುವ ಕೋವಿಗಳಲ್ಲಿ ಸ್ಪ್ರಿಂಗಿನ ಏರ್ ರೈಫಲ್ ದುರ್ಬಲವಾದುದು. ಬೇಟೆಗಾರನಿಗೆ ಸಂಯಮವನ್ನು ಕಲಿಸುವುದರಲ್ಲಿ ಮಾತ್ರ ಅದಕ್ಕೆ ಸಮನಾದುದನ್ನು ನಾನು ಕಾಣೆ. ಇಂಗ್ಲೆಂಡಿನಲ್ಲಿ ಲೈಸೆನ್ಸಿಲ್ಲದೆ ಇಟ್ಟುಕೊಳ್ಳಬಹುದಾದ ಇಂಥ ರೈಫಲಿನ ಶಕ್ತಿಯು 12 ಅಡಿ-ಪೌಂಡನ್ನು, ಎಂದರೆ ಸುಮಾರು 16 ಜೂಲನ್ನು, ಮೀರತಕ್ಕುದಲ್ಲ. ಒಂದು ಗ್ರಾಂ ತೂಕದ ಸೀಸದ ಪೆಲೆಟ್ ಆ ಶಕ್ತಿಯಿಂದ ಸೆಕೆಂಡಿಗೆ 180 ಮೀಟರ್ ವೇಗದಲ್ಲಿ, ಶಬ್ದವೇಗದ ಹೆಚ್ಚುಕಡಿಮೆ ಅರ್ಧದಲ್ಲಿ, ಹೊರಡುವುದರಿಂದ, ಬೇಟೆಗಾರನು ಗಾಳಿಗೆ ಎದುರಾಗಿ ಗೋಡೆಯ ಮರೆಯಲ್ಲಿ ತೆವಳುತ್ತ 30 ಮೀಟರಿನಷ್ಟು ಸಮೀಪಕ್ಕೆ ಬಂದು, ಮೊಲದ ಕಣ್ಣು ಕಿವಿಗಳ ನಡುವಣ ಅಲ್ಪಸ್ಥಾನಕ್ಕೇ ಗುರಿ ಹಿಡಿಯಬೇಕಾಗುತ್ತದೆ.

ಇಲ್ಲಿಯೇ ಯಂತ್ರದ ಸೂಕ್ಷ್ಮವು ಎದುರಾಗುವುದು. ಟ್ರಿಗರ್ ಒತ್ತಿದೊಡನೆ, ಅದುಮಿಟ್ಟ ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ಚಿಮ್ಮಿಸಲು ಕೋವಿಯು ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ನು ತಾನೇ ಒತ್ತಿ ಹಿಡಿದ ಗಾಳಿಗೆ ಎದುರಾಗಿ ನಿಂತಾಗ ಕೋವಿಯು ಮುಂದಕ್ಕೆ ನೂಕಲ್ಪಡುತ್ತದೆ. ಈ ಚಲನೆಯು ಆರಂಭವಾಗುವ ಹೊತ್ತಿಗೆ ಪೆಲೆಟ್ ಇನ್ನೂ ನಳಿಕೆಯಿಂದ ಹೊರಬಿದ್ದಿರುವುದಿಲ್ಲ. ಬಂಡೆಗಳ ನಾಡಿನಲ್ಲಿ ಕೋವಿಯನ್ನು ಬಂಡೆಯ ಮೇಲೆಯೇ ಊರಿ ಹೊಡೆಯುವ ಆಸೆ ಯಾರಿಗಾದರೂ ಸಹಜವೇ. ಆದರೆ ಕಠಿನವಾದ ಆಸರೆಯ ಮೇಲೆ ಕೋವಿಯು ಪುಟಿದು ಈಡು ಗುರಿತಪ್ಪುವುದು. ಅನುಭವಸ್ಥನು ಬಂಡೆಯ ಮೇಲೆ ತನ್ನ ಅಂಗೈಯನ್ನಿಟ್ಟು, ಕೋವಿಯ ಮರವನ್ನು ಅದರಲ್ಲಿ ಬಿಗಿಯದೆ ನೆಲೆಗೊಳಿಸಿ, ಅದು ತನ್ನಿಚ್ಛೆಯಂತೆ ಸರಿಯಲು ಬಿಡುತ್ತಾನೆ.

ಇಳಿಜಾರಿನ ಲೆಕ್ಕವೂ ಬೇರೆ. 45 ಡಿಗ್ರಿ ಕೆಳಕ್ಕಿರುವ, ನೇರ 30 ಮೀಟರ್ ದೂರದ ಗುರಿಗೆ ಸಮತಲದ ಅಂತರ ಸುಮಾರು 21 ಮೀಟರ್ ಮಾತ್ರ. ಪೆಲೆಟ್ಟಿನ ಇಳಿತವು ಮುಖ್ಯವಾಗಿ ಆ ಅಂತರವನ್ನೇ ಅನುಸರಿಸುವುದರಿಂದ, ಮೂವತ್ತೆಂದೇ ಎಣಿಸಿದವನ ಈಡು ಮೇಲಕ್ಕೆ ಬೀಳುತ್ತದೆ. ಬೆಟ್ಟದ ಏರು ಹತ್ತಿ ಏದುಸಿರು ಇನ್ನೂ ನಿಲ್ಲದಿರುವಾಗ, ಅಥವಾ ಕಣಿವೆಯ ಗಾಳಿ ಅಡ್ಡ ಬೀಸುವಾಗ, ಹೊಡೆಯದೆ ಹಿಂದಿರುಗುವುದೇ ಧರ್ಮ. ಗಾಯಗೊಂಡ ಮೊಲವು ಬಿಲವನ್ನು ಹೊಕ್ಕರೆ ಅದರ ಯಾತನೆಯನ್ನು ಮುಗಿಸಲು ಯಾರಿಂದಲೂ ಆಗದು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಮೊಲದ ಬೇಟೆ ಅಪರಾಧ. ಏರ್‌ಗನ್ ಕೊಂಡಿರುವ ನಮ್ಮ ತರುಣರು ಈ ಕೌಶಲವನ್ನೆಲ್ಲ ಕಾಗದದ ಗುರಿಯ ಮೇಲೆಯೇ ಸಾಧಿಸಲಿ.